ಬೂದವ್ವನ ಹರಕೆ

ನನ್ನ ಅತ್ತೆ ಕಳಕವ್ವ ಗಜೇಂದ್ರಗಡದ ಅರ್ಧ ಊರಿಗೆ, ಅದು ಎಳೆಗೂಸಾಗಿದ್ದಾಗ, ಎಣ್ಣೆ ಹಚ್ಚಿ ನೀರು ಎರೆದವರು. ಉಳಿದರ್ಧ ಊರು ಅವರಿಗಿಂತ ಮೊದಲೇ ಹುಟ್ಟಿ ತಪ್ಪಿಸಿಕೊಂಡಿತು ಎಂದು ನನ್ನ ಗಂಡ ಅಂದಾನಪ್ಪ ತಾಯಿಯ ಎದುರಿಗೇ ತಮಾಷೆ ಮಾಡುತ್ತಿದ್ದರು. ನಮ್ಮ ಓಣಿಯಲ್ಲಾಗಲಿ ಆಚೆ ಓಣಿಯಲ್ಲಾಗಲಿ ಕೂಸು ಹುಟ್ಟಿತೆಂದರೆ ಬೆಳಿಗ್ಗೆ ಬಚ್ಚಲೊಲೆಗೆ ಉರಿ ಹಚ್ಚಿ ಅತ್ತೆಗೆ ಹೇಳಿಕಳಿಸುತ್ತಿದ್ದರು. ಹೊಲ, ಅರಳೆ ವ್ಯಾಪಾರ ಇದ್ದ ಮನೆತನ ನಮ್ಮದು. ಅತ್ತೆ ಅದನ್ನು ಕೂಲಿಗೆ ಮಾಡುತ್ತಿರಲಿಲ್ಲ. ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಳಕಾಲಿಗೆ ಏರಿಸಿ, ಕಾಲು ಚಾಚಿ, ಕೂಸನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡರೆಂದರೆ ಎಂಥ ಹಟಮಾರಿ ಕೂಸೂ ಎರಡನೆಯ ತಂಬಿಗೆಗೆ ಅಳು ನಿಲ್ಲಿಸುತ್ತಿತ್ತು. ಎಣ್ಣೆ, ಬಿಸಿನೀರು, ಕಡಲೆಹಿಟ್ಟು, ಆಮೇಲೆ ಲೋಬಾನದ ಹೊಗೆ. ಮಧ್ಯಾಹ್ನದವರೆಗೆ ಕೂಸು ಕಣ್ಣು ಬಿಡುತ್ತಿರಲಿಲ್ಲ.

ಅತ್ತೆಗೆ ಒಂದು ರೂಢಿಯಿತ್ತು. ಮೊದಲ ತಂಬಿಗೆ ಎತ್ತಿದ ಮೇಲೆ, ನೀರು ಸುರಿಯುವ ಮೊದಲು, ತಾಯಿಯ ಮುಖ ನೋಡಿ ಕೇಳುತ್ತಿದ್ದರು: "ಎರೀಲೇನವಾ?"

ತಾಯಿ ಹೂಂ ಅನ್ನಬೇಕು. ಅಂದ ಮೇಲೆಯೇ ನೀರು.

ನಾನು ಮದುವೆಯಾಗಿ ಬಂದ ವರ್ಷ ಪಕ್ಕದ ಓಣಿಯ ಸಿದ್ದವ್ವನ ಮನೆಗೆ ಅತ್ತೆಯ ಜೊತೆ ಹೋಗಿದ್ದೆ. ಹಂಡೆಯ ನೀರು ಕಾದಿತ್ತು, ಕೂಸಿಗೆ ಎಣ್ಣೆ ಹಚ್ಚಿಯಾಗಿತ್ತು. ಅತ್ತೆ ಕೇಳಿದಾಗ ಸಿದ್ದವ್ವ ತಡವರಿಸುತ್ತ, "ಯಾಕೋ ಮೈ ಬೆಚ್ಚಗ ಅನಸ್ತೈತ್ರಿ. ಇವತ್ತ ಬ್ಯಾಡೇನೊ" ಅಂದಳು. ಅತ್ತೆ ತಂಬಿಗೆಯ ನೀರನ್ನು ಹಂಡೆಗೆ ಸುರಿದು, ಕೂಸಿನ ಮೈಯ ಎಣ್ಣೆ ಒರೆಸಿ, ತಾಯಿಯ ಕೈಗೆ ಕೊಟ್ಟು ಎದ್ದರು. ಇದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಮರೆತೆ. ನನ್ನ ಕಥೆಯೆಲ್ಲ ಈ ಮರೆವಿನಲ್ಲೇ ಇದೆ.

ಐವತ್ತೈದನೆಯ ಇಸವಿಯ ಜನವರಿಯಲ್ಲಿ ನನಗೆ ದಿನ ತುಂಬಿದವು. ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಹೇಳಿದಳು. ಒಂದು ಹಗಲಿಡೀ ದಾರಿ ಸವೆಸಿ ಪಾದ್ರಿಗಳ ದವಾಖಾನೆಗೆ ಒಯ್ದರು. ಗಂಡು ಕೂಸು. ಹುಟ್ಟಿತು, ಅಳಲಿಲ್ಲ. ಅತ್ತೆ ಗಂಟಿನಲ್ಲಿ ಹೊಸ ಅರಿವೆ ಮತ್ತು ಕೊಬ್ಬರಿ ಎಣ್ಣೆಯ ಬಾಟಲಿ ಕಟ್ಟಿಕೊಂಡು ಬಂದಿದ್ದರು. ಊರಿನ ಕೂಸುಗಳಿಗೆಲ್ಲ ಅವರವರ ಮನೆಯ ಎಣ್ಣೆ. ಇದು ಮಾತ್ರ ಮೊಮ್ಮಗನಿಗೆಂದು ತಾವೇ ಕೊಬ್ಬರಿ ಒಣಗಿಸಿ ಗಾಣಕ್ಕೆ ಹಾಕಿಸಿದ್ದು. ಬಾಟಲಿಯ ಬೂಚು ಬಿಚ್ಚದೆ ಮನೆಗೆ ಮರಳಿ, ಅದನ್ನು ಅಡಿಗೆಮನೆಯ ಗೂಡಿನಲ್ಲಿ ಇಟ್ಟರು. ಅಲ್ಲಿಂದ ಯಾರೂ ತೆಗೆಯಲಿಲ್ಲ.

ನನಗೆ ಜ್ವರ ಹತ್ತಿ ಇಪ್ಪತ್ತು ದಿನ ದವಾಖಾನೆಯಲ್ಲೇ ಉಳಿದೆ. ಅಲ್ಲಿ ಪರದೇಶದ ಒಬ್ಬ ನರ್ಸಬಾಯಿ ಇದ್ದಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ನೋಡಿ ನೋಡಿ, ಒಂದು ಸಂಜೆ ತನ್ನ ಕೋಣೆಯಿಂದ ಏನನ್ನೋ ತಂದು ನನ್ನ ಮಡಿಲಲ್ಲಿ ಇಟ್ಟಳು. ಇಲಿಯ ಕಿವಿ, ಅಳಿಲಿನ ಬಾಲ, ಮೊಲದ ಮರಿಯಷ್ಟು ಗಾತ್ರ. ಬೂದಿ ಬಣ್ಣ. ಮೈಮೇಲೆ ಕೈಯಿಟ್ಟರೆ ಹಿಂಜಿದ ಅರಳೆಯಲ್ಲಿ ಇಟ್ಟಹಾಗೆ ಬೆರಳು ಒಳಗೆ ಹೋಗುತ್ತಿತ್ತು. ಅದರ ಹೆಸರು ಚಿಂಚಿಲಾ ಅಂತೆ. ಅವಳ ಅಣ್ಣ ತನ್ನ ದೇಶದಲ್ಲಿ ಇವನ್ನು ಹಿಂಡುಗಟ್ಟಲೆ ಸಾಕಿ, ತೊಗಲಿನಿಂದ ಕೋಟು ಮಾಡುವವರಿಗೆ ಮಾರುತ್ತಾನಂತೆ. ಇದೊಂದನ್ನು ಬೇಡಿ ಉಳಿಸಿಕೊಂಡು ಹಡಗಿನಲ್ಲಿ ತಂದಿದ್ದಳು. ಈಗ ಅವಳಿಗೆ ಬೇರೆ ದೇಶಕ್ಕೆ ವರ್ಗವಾಗಿತ್ತು.

ನರ್ಸಬಾಯಿ ಕನ್ನಡವನ್ನು ಪುಸ್ತಕದಿಂದ ಕಲಿತವಳು. ಒಂದೊಂದೇ ಶಬ್ದ ಇಟ್ಟು ಹೇಳಿದಳು: "ಹೊನ್ನವ್ವ, ಇದಕ್ಕೆ ಕುಡಿಯಲು ನೀರು ಕೊಡು. ಮೈಗೆ ಮಾತ್ರ ನೀರು ತಾಗಬಾರದು. ಇದರ ಕೂದಲು ಬಹಳ ದಟ್ಟ. ಒದ್ದೆಯಾದರೆ ಒಣಗುವುದಿಲ್ಲ. ಥಂಡಿ ಹಿಡಿದು ಸತ್ತುಹೋಗುತ್ತದೆ. ನುಣ್ಣನೆಯ ಪುಡಿ ಇಡು, ಅದರಲ್ಲಿ ಹೊರಳಿ ತಾನೇ ಶುದ್ಧವಾಗುತ್ತದೆ. ಬಿಸಿಲು ಆಗದು. ಸಿಹಿ ಬೇಡ." ಎಲ್ಲವನ್ನೂ ನನ್ನಿಂದ ಎರಡು ಸಲ ಹೇಳಿಸಿದಳು. ನಾನು ಪಾಠ ಒಪ್ಪಿಸಿದೆ.

ಮಡಿಲು ಬರಿದು ಮಾಡಿಕೊಂಡು ಊರಿಗೆ ಹೋಗುವುದು ತಪ್ಪಿತಲ್ಲ ಎಂದು ಅದನ್ನು ತಂತಿಯ ಪಂಜರದಲ್ಲಿ ತಂದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಸ್ಸಿನಲ್ಲಿ ಆ ಪಂಜರಕ್ಕೆ ಸೆರಗು ಮುಚ್ಚಿಕೊಂಡು ಕುಳಿತಾಗ ನನಗೆ ಸ್ವಲ್ಪ ಸುಖವೇ ಆಯಿತು.

"ಇಲಿಗೆ ಕಾಳ ಹಾಕಿ ಸಾಕೋ ಮನಿ ಊರಾಗ ಇದೊಂದೇ ಇರಬೇಕು" ಅಂದರು ಅತ್ತೆ ಮೊದಲ ದಿನ. ಎರಡನೆಯ ದಿನ ದೂರದಿಂದಲೇ ಒಂದು ಹುಲ್ಲುಕಡ್ಡಿ ಚಾಚಿದರು. ಅದು ಮುಂದಿನ ಎರಡು ಕಾಲಿನಿಂದ ಕಡ್ಡಿ ಹಿಡಿದು, ಸೆಟ್ಟಿಯ ಹಾಗೆ ಕುಳಿತು ಕಡಿಯಿತು. ಮೂರನೆಯ ದಿನ ಅದಕ್ಕೆ ಬೂದವ್ವ ಎಂದು ಹೆಸರಾಯಿತು. ನಾಲ್ಕನೆಯ ದಿನ ಅದು ನರ್ಸಬಾಯಿಯ ಪುಡಿಯಲ್ಲಿ ಹೊರಳಿ ಎದ್ದಾಗ ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡು ನೋಡಿದರು.

"ಕೂಸು ಮೈತುಂಬ ಧೂಳ ಮಾಡ್ಕೊಂಡೈತಿ. ಅಮಾಸಿ ದಿನ ಎಣ್ಣಿ ಹಚ್ಚಿ ಎರೀತೀನಿ ತಗೊ."

ಕೂಸು ಅಂದರು. ಆ ಮಾತಿಗೆ ನನ್ನ ಮೈ ಉರಿಯಿತು. ಚಾಚಿದ ಆ ಕಾಲುಗಳ ಮೇಲೆ ನನ್ನ ಮಗ ಮಲಗಬೇಕಾಗಿತ್ತು. ಅಲ್ಲಿ ಇನ್ನೊಂದು ಜೀವ ಮಲಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಬೂದವ್ವ ನನ್ನದು, ಈ ಮನೆಯಲ್ಲಿ ನನ್ನದೇ ಅಂತ ಇದ್ದದ್ದು ಅದೊಂದೇ.

'ನೀರು ತಾಗಿದರೆ ಸಾಯುತ್ತದೆ ಅತ್ತಿ' ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ದವಾಖಾನೆಯವರ ಮಾತೆಂದರೆ ಅತ್ತೆ ಮೂಗು ಮುರಿಯುತ್ತಾರೆ, ಆರುನೂರು ಕೂಸಿಗೆ ಎರೆದ ನನಗೆ ಆ ಪರದೇಶದಾಕೆ ಕಲಿಸುತ್ತಾಳೇನು ಅನ್ನುತ್ತಾರೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ದೇವರ ಹೆಸರು ಹೇಳಿದರೆ ಮಾತ್ರ ಮುದುಕಿ ಕೈ ತೆಗೆಯುತ್ತಾಳೆ ಎಂಬ ಜಾಣತನ ನನಗೆ. ಅಂದೆ:

"ಬ್ಯಾಡ್ರಿ ಅತ್ತಿ. ನಾ ಕಾಲಕಾಲೇಶ್ವರಗ ಬೇಡ್ಕೊಂಡೀನಿ. ನನ್ನ ಉಡಿ ತುಂಬಬೇಕಂದ್ರ ಶ್ರಾವಣದ ಕಡೀ ಸೋಮಾರದ ತನಕ ಇದರ ಮೈಗೆ ನೀರ ಮುಟ್ಟಸಂಗಿಲ್ಲ."

ಅತ್ತೆಯ ಮುಖ ಬದಲಾಯಿತು. ಎದ್ದು ಬಾಗಿಲಿಗೆ ಹೋಗಿ, ಕಾಲಕಾಲೇಶ್ವರನ ಗುಡಿಯಿರುವ ಗುಡ್ಡದ ಕಡೆ ತಿರುಗಿ ಕೈ ಮುಗಿದರು. "ನನ್ನ ಹೆಸರೂ ಅವನದೇ" ಅಂದರು. "ಹಂಗಾರ ಒಂದ ಹನಿ ಬೀಳಗೊಡಂಗಿಲ್ಲ. ನಾ ನೋಡ್ಕೋತೀನಿ."

ನೋಡಿಕೊಂಡರು ಕೂಡ. ಆ ಬೇಸಿಗೆ ಬೂದವ್ವ ಬದುಕಿದ್ದು ಅತ್ತೆಯಿಂದ, ನನ್ನಿಂದಲ್ಲ. ಚೈತ್ರದ ಬಿಸಿಲಿಗೆ ಅದು ಹೊಟ್ಟೆ ನೆಲಕ್ಕೆ ಹಚ್ಚಿ ತೇಕತೊಡಗಿದಾಗ ನಾನು ಅಳುತ್ತ ನಿಂತೆ. ಅತ್ತೆ ಪಂಜರವನ್ನು ನಡುಮನೆಯ ಕತ್ತಲ ಕೋಣೆಗೆ ಒಯ್ದರು. ಅಲ್ಲಿ ಗೋಡೆ ಒಂದು ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಗುಡ್ಡದ ಹಾಸುಗಲ್ಲೊಂದನ್ನು ಆಳಿನಿಂದ ಹೊರಿಸಿ ತಂದು ರಾತ್ರಿಯೆಲ್ಲ ಅಂಗಳದಲ್ಲಿ ತಣ್ಣಗಾಗಿಸಿ, ಬೆಳಗಾದರೆ ಒಳಗಿಡುವರು. ಬೂದವ್ವ ಅದರ ಮೇಲೆ ಕೈಕಾಲು ಚೆಲ್ಲಿ ಮಲಗುವುದು. ಕಿಟಕಿಗೆ ಹಸಿ ಗೋಣಿತಟ್ಟು ಕಟ್ಟಿದರು, ಆದರೆ ಪಂಜರದಿಂದ ಮಾರು ದೂರ. ಹನಿ ಸಿಡಿದೀತು ಎಂದು ಭಯ. ನರ್ಸಬಾಯಿಯ ಡಬ್ಬಿಯ ಪುಡಿ ತೀರಿದಾಗ ಬಳಪದ ಕಲ್ಲು ಕುಟ್ಟಿ, ಬೀಸಿ, ಮಾವನವರ ಹಳೆಯ ಧೋತರದಲ್ಲಿ ಮೂರು ಸಲ ಸೋಸಿದರು.

ನೆರೆಮನೆಯ ಮುಮತಾಜಬಿ ದಿನಾ ಮಧ್ಯಾಹ್ನ ನೋಡಲು ಬರುತ್ತಿದ್ದಳು. ಒಮ್ಮೆ ಒಣದ್ರಾಕ್ಷಿ ಮುಷ್ಟಿಗಟ್ಟಲೆ ತಂದಳು. "ಒಂದ ಸಾಕು" ಎಂದು ಅತ್ತೆ ಕೈ ಅಡ್ಡ ಹಿಡಿದರು. "ಸಿಹಿ ಆಗೂದಿಲ್ಲಂತ ನಮ್ಮ ಹೊನ್ನಿ ಹೇಳ್ಯಾಳ."

ಸಿಹಿ ಬೇಡ ಅಂದದ್ದನ್ನು ಕೇಳಿದವರು, ಬಿಸಿಲು ಬೇಡ ಅಂದದ್ದನ್ನು ಕೇಳಿದವರು. ನೀರಿನ ಮಾತನ್ನೂ ಕೇಳುತ್ತಿದ್ದರೆಂದು ಅಲ್ಲೇ ಗೊತ್ತಾಗಬೇಕಿತ್ತು ನನಗೆ. ಅವನ್ನು ನಾನು ಇದ್ದಹಾಗೆ ಹೇಳಿದ್ದೆ, ಅತ್ತೆ ಇದ್ದಹಾಗೆ ಒಪ್ಪಿದ್ದರು. ಆದರೆ ನನ್ನ ಜಾಣತನ ನನ್ನ ಕಣ್ಣು ಕಟ್ಟಿತ್ತು.

ಆಷಾಢದಲ್ಲಿ ಮಳೆ ಹಿಡಿದು ಮಾಳಿಗೆ ಸೋರಿತು. ಹಂಡೆ, ಪಾತ್ರೆ, ಕೊಡ ಇಟ್ಟರೂ ಮುಗಿಯದ ಹನಿ. ಅಂದಾನಪ್ಪ ಮಾಳಿಗೆ ಏರಿ ಮಣ್ಣು ಎಳೆಯುತ್ತಿದ್ದರೆ ಅತ್ತೆ ಒಣಗಿದ್ದ ಒಂದೇ ಮೂಲೆಯಲ್ಲಿ, ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು, ಬೂದವ್ವನನ್ನು ಮಡಿಲಲ್ಲಿ ಮುಚ್ಚಿಕೊಂಡು ಕುಳಿತಿದ್ದರು. ತಾವು ನೆನೆದಿದ್ದರು. ಅದರ ಮೈಮೇಲೆ ಒಂದು ಹನಿ ಇರಲಿಲ್ಲ.

"ನಿನಗ ಮುಂದ ಹುಟ್ಟೋ ಮಗನ ಸಲವಾಗಿ ಕುಂತೀನಿ" ಅಂದರು ನನಗೆ. ನಿಜ ಹೇಳಿಬಿಡಬೇಕೆಂದುಕೊಂಡೆ. ಈಗ ಹೇಳಿದರೆ ಮುದುಕಿ ಎಷ್ಟು ನೊಂದುಕೊಳ್ಳುತ್ತಾಳೋ ಅನ್ನಿಸಿತು. ಶ್ರಾವಣದ ಕೊನೆಗೆ ಇನ್ನೊಂದು ನೆಪ ಹುಡುಕಿದರಾಯಿತು ಎಂದು ನುಂಗಿಕೊಂಡೆ.

ಪಂಚಮಿ ಬಂತು. ನನ್ನನ್ನು ತವರಿಗೆ ಕರೆದೊಯ್ಯಲು ಅಣ್ಣ ಪರಶಪ್ಪ ಬಂದ. ನನ್ನ ತವರು ಕೊಣ್ಣೂರಿನ ಹೊಳೆಯಾಚೆ. ಬೂದವ್ವನನ್ನು ಅಷ್ಟು ದೂರ ಕುಲುಕಿಸಿಕೊಂಡು ಒಯ್ಯುವಂತಿರಲಿಲ್ಲ; ಅತ್ತೆಯ ಬಳಿ ಬಿಟ್ಟು ಹೊರಟೆ. ಬಾಗಿಲಲ್ಲಿ ಅತ್ತೆ ಉಡಿ ತುಂಬಿ ಹೇಳಿದರು, "ಕಡೀ ಸೋಮಾರದೊಳಗ ಬಂದ ಬಿಡವಾ. ಅವತ್ತ ಕೂಸಿಗೆ ಎರದು ಹರಕಿ ತೀರಸೂದೈತಿ. ದಿನ ತಪ್ಪಬಾರದು."

"ಬರ್ತೀನ್ರಿ ಅತ್ತಿ" ಅಂದೆ. ಅಲ್ಲಿಯೂ ಹೇಳಲಿಲ್ಲ.

ಹದಿನೈದು ದಿನ ಜೋಕಾಲಿ, ಉಂಡಿ, ಗೆಳತಿಯರು. ಹೊರಡುವ ಹಿಂದಿನ ದಿನ ಮಲಪ್ರಭೆ ಏರಿತು. ಮೇಲಿನ ಸೀಮೆಯಲ್ಲಿ ಮಳೆ. ಕೊಣ್ಣೂರಿನ ಸೇತುವೆ ಕೆಂಪು ನೀರಿನ ಕೆಳಗೆ ಹೋಯಿತು. ಬಸ್ಸು ಇಲ್ಲ, ಟಪಾಲು ಇಲ್ಲ. ನಾನು ದಿನಾ ಹೊಳೆಯ ದಂಡೆಗೆ ಹೋಗಿ ನಿಲ್ಲುತ್ತಿದ್ದೆ. ಕೊನೆಯ ಸೋಮವಾರ ಬೆಳಿಗ್ಗೆ ಅಣ್ಣನಿಗೆ, "ಹ್ಯಾಂಗರ ಮಾಡಿ ದಾಟಸು" ಎಂದು ಕೈ ಹಿಡಿದುಕೊಂಡೆ.

"ನಿನಗ ಹುಚ್ಚ ಹಿಡದೈತೇನು? ಎತ್ತು ತೇಲಿ ಹೊಂಟಾವು. ಒಂದ ಇಲಿ ಸಲವಾಗಿ ಹೊಳೀಗೆ ಬೀಳ್ತೀಯೇನು?"

ಇಲಿಗಾಗಿ ಅಲ್ಲ ಎಂದು ಅವನಿಗೆ ಹೇಗೆ ಹೇಳುವುದು. ನಾನು ಹೊತ್ತು ಮುಳುಗುವವರೆಗೆ ದಂಡೆಯಲ್ಲಿ ಕುಳಿತಿದ್ದೆ. ಅತ್ತೆ ಹರಕೆಯ ದಿನ ತಪ್ಪಿಸುವವರಲ್ಲ ಎಂದು ನನಗೆ ಗೊತ್ತಿತ್ತು. ಇಲ್ಲ, ನನ್ನ ದಾರಿ ಕಾಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ನೀರು ಇಳಿದು ಸೇತುವೆ ತೆರೆಯಿತು. ನರಗುಂದ, ರೋಣ, ಗಜೇಂದ್ರಗಡ. ಮೂರು ಬಸ್ಸು ಬದಲಿಸಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿ ಏಳಲಿಲ್ಲ. ನಾನು ನೇರ ಕತ್ತಲ ಕೋಣೆಗೆ ಹೋದೆ. ಪಂಜರ ತೊಳೆದು ಬೋರಲು ಹಾಕಿತ್ತು. ಅಡಿಗೆಮನೆಗೆ ಬಂದೆ. ಗೂಡಿನಲ್ಲಿ ಆ ಬಾಟಲಿ ಇತ್ತು, ನನ್ನ ಮಗನ ಎಣ್ಣೆಯ ಬಾಟಲಿ. ಬೂಚು ತೆಗೆದಿತ್ತು. ಎಣ್ಣೆ ಅರ್ಧಕ್ಕೆ ಬಂದಿತ್ತು.

ಹೊರಗೆ ಬಂದು ಕುಳಿತೆ. ಅತ್ತೆ ತಾವಾಗಿಯೇ ಹೇಳಿದರು.

"ನೀ ಬರಲಿಲ್ಲ. ಹೊಳಿ ಬಂದೈತಿ ಅಂತ ತಿಳೀತು. ದಿನ ತಪ್ಪಿದ್ರ ನಿನ್ನ ಉಡಿಗೆ ಕೇಡಾದೀತಂತ ನನಗ ಅಂಜಿಕಿ. ನಸುಕಿನ್ಯಾಗ ಬುಟ್ಟ್ಯಾಗ ಹಾಕ್ಕೊಂಡು ಗುಡ್ಡಕ್ಕ ಹೋದೆ. ಬರಿಗಾಲಿಲೆ ಹತ್ತಿದೆ. ಕಾಯಿ ಒಡಿಸಿ, ಗುಡಿ ಹೊಂಡದ ಅಂತರಗಂಗಿ ನೀರ ತಂಬಿಗ್ಯಾಗ ತಂದೆ. ಹಂಡೇದಾಗ ಕೂಡಿಸಿ ಕಾಯಿಸಿದೆ. ಎಳೀ ಕೂಸಿಗೆ ಎಷ್ಟ ಬೇಕೋ ಅಷ್ಟೇ ಬೆಚ್ಚಗ. ನಿನ್ನ ಮಗನ ಎಣ್ಣೀನೇ ಹಚ್ಚಿದೆ. ಭಾಳ ಚಲೋ ಕುಂತಿತ್ತವಾ ಕಾಲ ಮ್ಯಾಲ, ಒದ್ದಾಡಲಿಲ್ಲ. ನಡಗಾಕ ಹತ್ತಿದ್ದು ಆಮ್ಯಾಲೆ. ಒರಸಿದೆ, ಹೊಗಿ ಕೊಟ್ಟೆ, ಒಲಿ ಮುಂದ ಎದಿಗೆ ಅವಚಿಕೊಂಡು ಕುಂತೆ. ಒಣಗಲೇ ಇಲ್ಲ. ಮೈಯೆಲ್ಲ ಮುದ್ದಿ ಮುದ್ದಿ ಆತು. ಬುಧವಾರ ಮುಂಜಾನಿ ಹೋತು." ನನ್ನ ಕಡೆ ತಿರುಗಿ ಕೇಳಿದರು, "ನನ್ನ ಕೈಯಾಗ ಒಂದ ಕೂಸಿಗೂ ಹಿಂಗ ಆಗಿರಲಿಲ್ಲ. ನಾ ಏನ ತಪ್ಪ ಮಾಡಿದ್ನೆವಾ?"

ತಪ್ಪು ನನ್ನದು ಎಂದು ಅವರ ಕಾಲು ಹಿಡಿಯಬೇಕಾಗಿತ್ತು. ನಾನು ಕೂಗಾಡಿದೆ. ನನ್ನೊಳಗೆ ಜನವರಿಯಿಂದ ಕಟ್ಟಿಕೊಂಡಿದ್ದದ್ದೆಲ್ಲ ಆ ಮುದುಕಿಯ ಮೇಲೆ ಸುರಿಯಿತು.

"ನೀರ ಹಾಕಿದ್ರ ಸಾಯ್ತೈತಿ ಅದು. ಒಣಗೂದಿಲ್ಲ, ಥಂಡಿ ಹಿಡದು ಸಾಯ್ತೈತಿ ಅಂತ ನರ್ಸಬಾಯಿ ನನಗ ಎರಡ ಸಲ ಹೇಳಿದ್ಲು. ನೀವೇ ಕೊಂದ್ರಿ. ನಿಮ್ಮ ಕೈಯೇ ಕೊಂದ್ವು."

ಅತ್ತೆ ನನ್ನ ಮುಖ ನೋಡಿದರು. "ಹರಕಿ ಐತಿ ಅಂದಿದ್ದಿಯಲ್ಲ."

"ಹರಕಿ ಗಿರಕಿ ಏನೂ ಇರಲಿಲ್ಲ. ನೀವು ಮುಟ್ಟಬಾರದಂತ ಅಂದೆ."

ಅತ್ತೆ ತಮ್ಮ ಎರಡು ಅಂಗೈಗಳನ್ನು ಮಡಿಲಲ್ಲಿ ತಿರುಗಿಸಿ ಇಟ್ಟುಕೊಂಡು ನೋಡುತ್ತ ಕುಳಿತರು. ಅವರಿಗೆ ಸಿಟ್ಟು ಬರಲಿ ಎಂದು ನಾನು ಕಾದೆ. ಬರಲಿಲ್ಲ.

"ಸಾಯ್ತೈತಿ ಅಂತ ಅಂದಿದ್ದರ ಸಾಕಿತ್ತಲ್ಲವಾ" ಅಂದರು. "ಬ್ಯಾಡ ಅಂದ ಕೂಸಿಗೆ ನಾ ಎಂದರ ಎರ್ದೀನೇನು?"

ಸಿದ್ದವ್ವನ ಬಚ್ಚಲು ಆಗ ನನಗೆ ನೆನಪಾಯಿತು. ಎಣ್ಣೆ ಹಚ್ಚಿದ ಕೂಸು, ಹಂಡೆಗೆ ಮರಳಿ ಸುರಿದ ನೀರು. ಆರು ತಿಂಗಳು ತಡವಾಗಿ ನೆನಪಾಯಿತು.

ಬೂದವ್ವನನ್ನು ಹಿತ್ತಲಿನ ಬೇವಿನ ಬುಡದಲ್ಲಿ ಇಟ್ಟಿದ್ದರು, ಬಳಪದ ಪುಡಿ ಕೆಳಗೆ ಹಾಸಿ. ಅದನ್ನು ನನಗೆ ಮುಮತಾಜಬಿ ತೋರಿಸಿದಳು.

ಆಮೇಲೆ ಅತ್ತೆ ಯಾರ ಮನೆಗೂ ಎರೆಯಲು ಹೋಗಲಿಲ್ಲ. ಕರೆಯಲು ಬಂದವರಿಗೆ ಕೈ ನೋವು ಅಂದರು. ಹೌದೇನು ಎಂದು ಜನ ನನ್ನನ್ನು ಕೇಳಿದಾಗ ಹೌದು ಅಂದೆ. ಸುಳ್ಳು ಹೇಳುವುದು ನನಗೇನು ಹೊಸದಲ್ಲವಲ್ಲ. ನಾನು ಕ್ಷಮೆ ಕೇಳಲಿಲ್ಲ ಎಂದಲ್ಲ, ಹತ್ತು ಸಲ ಕೇಳಿದೆ. "ಇರಲಿ ಬಿಡವಾ" ಅನ್ನುತ್ತಿದ್ದರು, ಮನಸ್ಸಿನಿಂದಲೇ ಅನ್ನುತ್ತಿದ್ದರು. ಊಟಕ್ಕೆ ಮೊದಲು ನನ್ನನ್ನೇ ಕರೆಯುತ್ತಿದ್ದರು. ಮನೆಯಲ್ಲಿ ಜಗಳವೆಂಬುದು ಇರಲಿಲ್ಲ.

ಐವತ್ತೆಂಟರಲ್ಲಿ ನನಗೆ ಮಗಳು ಹುಟ್ಟಿದಳು. ಮನೆಯಲ್ಲೇ, ಸುಖವಾಗಿ, ಓಣಿಯೆಲ್ಲ ಕೇಳುವಂತೆ ಅಳುತ್ತ. ಮೊದಲ ನಾಲ್ಕು ದಿನ ಸಿದ್ದವ್ವ ಬಂದು ಎರೆದಳು. ಐದನೆಯ ದಿನ ನಾನು ಅವಳಿಗೆ ಬರಬೇಡ ಎಂದು ಹೇಳಿಕಳಿಸಿದೆ. ಹಂಡೆ ಕಾಯಿಸಿದೆ, ಹೊಸ ಎಣ್ಣೆ ತರಿಸಿದೆ, ಬಚ್ಚಲಲ್ಲಿ ಮಣೆ ಹಾಕಿದೆ. ಕೂಸನ್ನು ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ನಿಂತೆ.

"ನಿಮ್ಮ ಮೊಮ್ಮಗಳಿಗೆ ನೀವೇ ಎರೀಬೇಕ್ರಿ ಅತ್ತಿ."

ಅವರು ಬಹಳ ಹೊತ್ತು ಕೂಸನ್ನು ನೋಡಿದರು. ಆಮೇಲೆ ಎದ್ದು ಬಂದು ಮಣೆಯ ಮೇಲೆ ಕುಳಿತರು. ಸೀರೆ ಏರಿಸಿ ಕಾಲು ಚಾಚಿದರು. ಕೂಸನ್ನು ಬೋರಲು ಮಲಗಿಸಿಕೊಂಡು ಎಣ್ಣೆ ಹಚ್ಚಿದರು. ಮೂರು ವರ್ಷದಲ್ಲಿ ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ನನ್ನ ಎದೆ ಹಗುರಾಯಿತು. ತಂಬಿಗೆ ತುಂಬಿ ಎತ್ತಿ, ನನ್ನ ಮುಖ ನೋಡಿದರು.

"ಎರೀಲೇನವಾ?"

"ಹೂಂ ರಿ, ಎರೀರಿ."

ತಂಬಿಗೆ ಬಾಗಲಿಲ್ಲ. ನಾನು ಮತ್ತೆ ಹೂಂ ಅಂದೆ. ಅತ್ತೆಯ ಕಣ್ಣು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು. ತುಂಬಿದ ತಂಬಿಗೆಯಿಂದ ಒಂದೆರಡು ಹನಿ ಅವರ ಕಾಲಿನ ಮೇಲೆಯೇ ಬಿದ್ದವು.

"ನೀ ಖರೇ ಹೇಳಾಕತ್ತೀಯೋ, ಮತ್ತೇನರ ಮನಸಿನ್ಯಾಗ ಇಟಗೊಂಡೀಯೋ, ನನಗ ಹ್ಯಾಂಗ ಗೊತ್ತಾಗಬೇಕವಾ?"

ಚುಚ್ಚುಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೇ ಕೇಳುತ್ತಿದ್ದರು. ದೇವರಾಣೆ ಮಾಡಲು ಬಾಯಿ ತೆರೆದೆ. ದೇವರ ಹೆಸರು ಹೇಳುವ ಬಾಯಿ ನನ್ನದಲ್ಲ ಎಂದು ನೆನಪಾಗಿ ಮುಚ್ಚಿಕೊಂಡೆ.

ಅತ್ತೆ ತಂಬಿಗೆಯ ನೀರನ್ನು ಹಂಡೆಗೆ ಮರಳಿ ಸುರಿದರು. ಕೂಸಿನ ಮೈಯ ಎಣ್ಣೆಯನ್ನು ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದರು.

ಆ ಮಣೆಯ ಮೇಲೆ ನಾನು ಕುಳಿತೆ. ನನಗೆ ಬರುತ್ತಿರಲಿಲ್ಲ. ಕಡಲೆಹಿಟ್ಟು ಕಣ್ಣಿಗೆ ಹೋಗಿ ಕೂಸು ಉಸಿರುಗಟ್ಟಿ ಅತ್ತಿತು. ನನ್ನ ಅಳುವಿನಲ್ಲಿ ನನಗೆ ಕಣ್ಣೇ ಕಾಣುತ್ತಿರಲಿಲ್ಲ. ಬಚ್ಚಲ ಬಾಗಿಲಿನಿಂದ ಅತ್ತೆಯ ದನಿ ಬಂತು. "ಕುತ್ತಿಗಿ ಹಿಂದ ಕೈ ಕೊಡವಾ. ಹಂಗ. ಸಾವಕಾಶ ಹಾಕು, ನೆತ್ತಿಗೆ ಅಂಗೈ ಅಡ್ಡ ಹಿಡಿ." ತಿರುಗಿ ನೋಡಿದೆ. ಬಾಯಿಂದ ಎಲ್ಲವನ್ನೂ ಹೇಳಿಕೊಡುತ್ತಿದ್ದರು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡಿದ್ದರು.